ಎಸ್ಸೆಸ್ಸೆಲ್ಸಿಗೇ ಗಣಿತ ಬಿಟ್ಟವರು ಸಂಶೋಧನೆಗೆ ಬೇಕಾದ ಸಂಖ್ಯಾಶಾಸ್ತ್ರವನ್ನು ಕಲಿಯುವುದು ಹೇಗೆ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿ, ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಈಗ ಪಿಎಚ್.ಡಿ. ಕೋರ್ಸ್ ವರ್ಕ್‌ನಲ್ಲಿದ್ದೇನೆ. ಎಸ್ಸೆಸ್ಸೆಲ್ಸಿಯ ನಂತರ ಗಣಿತವನ್ನು ಮುಟ್ಟಿಲ್ಲ. ಸ್ವಸಹಾಯ ಸಂಘಗಳ ಸದಸ್ಯತ್ವದಿಂದ ಗ್ರಾಮಸಭೆಯಲ್ಲಿ ಮಹಿಳೆಯರ ಭಾಗವಹಿಸುವಿಕೆ ಹೆಚ್ಚುತ್ತದೆಯೇ ಎಂಬುದು ನನ್ನ ವಿಷಯ. 384 ಜನರ ಸ್ಯಾಂಪಲ್ ತೆಗೆದುಕೊಂಡು ಕೈ-ಸ್ಕ್ವೇರ್ ಟೆಸ್ಟ್ ಹಾಕಿದರೆ ಸಾಕು ಎಂದು ಹಿರಿಯ ಸಂಶೋಧಕರು ಹೇಳುತ್ತಾರೆ. ಯಾವ ದತ್ತಾಂಶಕ್ಕೆ ಯಾವ ಟೆಸ್ಟ್ ಎಂಬ ಚಾರ್ಟ್ ಬಾಯಿಪಾಠವಾಗಿದೆ, ಆದರೆ ಒಳಗೆ ಏನು ನಡೆಯುತ್ತದೆ ಎಂಬುದು ಅರ್ಥವಾಗಿಲ್ಲ. ಎಲ್ಲಿಂದ ಆರಂಭಿಸಲಿ? ಎಸ್‌ಪಿಎಸ್‌ಎಸ್ ಕಲಿಯಲೇ, ಆರ್ ಕಲಿಯಲೇ (ಎರಡೂ ವಿಶ್ಲೇಷಣೆಯ ಸಾಫ್ಟ್‌ವೇರ್)? ಹಣ ಕೊಟ್ಟರೆ ವಿಶ್ಲೇಷಣೆ ಮಾಡಿಕೊಡುವವರಿದ್ದಾರೆ. ಅವರಿಗೆ ಕೊಡುವುದು ತಪ್ಪೇ?

ಉತ್ತರ: ಮೊದಲು ಆ ಚಾರ್ಟನ್ನು ಬದಿಗಿಡಿ. ಎರಡು ಗುಂಪುಗಳಿದ್ದರೆ ಟಿ-ಟೆಸ್ಟ್, ಮೂರಿದ್ದರೆ ಅನೋವಾ, ವರ್ಗಗಳಿದ್ದರೆ ಕೈ-ಸ್ಕ್ವೇರ್ ಎನ್ನುವ ಆ ಪಟ್ಟಿ ಪರೀಕ್ಷೆಯಲ್ಲಿ ಅಂಕ ತಂದುಕೊಡುತ್ತದೆ, ನಿಜ. ಆದರೆ ಸಮಾಜ ವಿಜ್ಞಾನದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ತಲೆಗೆ ಹತ್ತದಿರುವುದಕ್ಕೆ ಅದೇ ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ, ಏಕೆಂದರೆ ಅದು ಹತ್ತಾರು ಟೆಸ್ಟುಗಳನ್ನು ಒಂದಕ್ಕೊಂದು ಸಂಬಂಧವೇ ಇಲ್ಲದ ಮಂತ್ರಗಳಂತೆ ಮುಂದಿಡುತ್ತದೆ. ಆರಂಭದ ಹಂತದಲ್ಲಿ ಬರುವ ಈ ಟೆಸ್ಟುಗಳೆಲ್ಲವೂ ಕೇಳುವುದು ಒಂದೇ ಪ್ರಶ್ನೆಯನ್ನು: ನನ್ನ ದತ್ತಾಂಶದಲ್ಲಿ ಒಂದು ಅಂತರ ಕಂಡಿದೆ, ಇದೇ ಜನಸಮೂಹದಿಂದ ಬೇರೆ ಸ್ಯಾಂಪಲ್ ಸಿಕ್ಕಿದ್ದರೆ ಆ ಅಂತರ ಎಷ್ಟು ಏರುಪೇರಾಗುತ್ತಿತ್ತು, ಮತ್ತು ಆ ಏರುಪೇರಿನ ಎದುರು ಈಗ ಕಂಡ ಅಂತರ ದೊಡ್ಡದೆನ್ನಬಹುದೇ? ಈ ಏರುಪೇರು ಎಂದರೇನು, ಅದನ್ನು ಅಳೆಯುವುದು ಹೇಗೆ ಎಂಬುದು ಒಮ್ಮೆ ಗಟ್ಟಿಯಾದರೆ ಮುಂದಿನ ಟೆಸ್ಟುಗಳು ಅದರ ಬೇರೆ ಬೇರೆ ರೂಪಗಳಾಗಿ ಕಾಣತೊಡಗುತ್ತವೆ. ಅದು ಗಟ್ಟಿಯಾಗದೆ ಎಷ್ಟು ಟೆಸ್ಟುಗಳನ್ನು ಕಲಿತರೂ ಪ್ರಯೋಜನವಿಲ್ಲ.

ಗಣಿತದ ಬಗ್ಗೆ ನಿಮಗಿರುವ ಅಳುಕು ಅಷ್ಟು ಅಗತ್ಯವಿಲ್ಲ. ಶೇಕಡಾ ಲೆಕ್ಕ, ಭಿನ್ನರಾಶಿ, ವರ್ಗ, ವರ್ಗಮೂಲ ಮತ್ತು ಸರಳರೇಖೆಯ ಸಮೀಕರಣ ಇಷ್ಟು ಗೊತ್ತಿದ್ದರೆ ಮೊದಲ ವರ್ಷ ಸಾಗುತ್ತದೆ, ಮತ್ತು ಇವೆಲ್ಲವೂ ಹತ್ತನೆಯ ತರಗತಿಯ ಗಣಿತ ಪುಸ್ತಕದೊಳಗಿನವೇ. ಕ್ಯಾಲ್ಕುಲಸ್ ಬೇಕಾಗುವುದು ಸೂತ್ರಗಳನ್ನು ಸಾಧಿಸಬೇಕಾದವರಿಗೆ. ನೀವು ಸಾಧಿಸಬೇಕಾಗಿಲ್ಲ, ಅವು ಏನನ್ನು ಹೇಳುತ್ತವೆ ಎಂಬುದನ್ನು ತಿಳಿದರೆ ಸಾಕು.

ಕಲಿಕೆಯ ಮೊದಲ ಕೆಲಸವನ್ನು ಎಕ್ಸೆಲ್‌ನಲ್ಲೋ ಲಿಬ್ರೆ ಆಫೀಸ್‌ನಲ್ಲೋ ಮಾಡಿ. ಒಂದು ತಾಲ್ಲೂಕಿನಲ್ಲಿ ಶೇಕಡಾ 40 ಮಹಿಳೆಯರು ಸ್ವಸಹಾಯ ಸಂಘದ ಸದಸ್ಯರು ಎಂದಿಟ್ಟುಕೊಳ್ಳೋಣ. ಈ ಸತ್ಯ ನಮಗೆ ಗೊತ್ತಿದೆ, ಸಂಶೋಧಕಿಗೆ ಗೊತ್ತಿಲ್ಲ. ಒಂದು ಕಾಲಂನ 100 ಕೋಶಗಳಲ್ಲಿ ರ‍್ಯಾಂಡ್ ಫಂಕ್ಷನ್ ಬಳಸಿ, ಬಂದ ಸಂಖ್ಯೆ 0.4ಕ್ಕಿಂತ ಕಡಿಮೆಯಾದರೆ 1, ಇಲ್ಲವಾದರೆ 0 ಎಂದು ಬರೆಸಿ, ಕೆಳಗೆ ಮೊತ್ತವನ್ನು ಹಾಕಿ. ಎಫ್9 ಕೀ ಒತ್ತಿದಾಗಲೆಲ್ಲ ನೂರು ಮಹಿಳೆಯರ ಹೊಸ ಸ್ಯಾಂಪಲ್ ಸಿಗುತ್ತದೆ. ಒಮ್ಮೆ 37 ಬರುತ್ತದೆ, ಮತ್ತೊಮ್ಮೆ 44, ಇನ್ನೊಮ್ಮೆ 41. ಅಪರೂಪಕ್ಕೆ 30ರ ಆಸುಪಾಸಿಗೂ ಇಳಿಯುತ್ತದೆ. ತಾಲ್ಲೂಕು ಬದಲಾಗಿಲ್ಲ, ಪ್ರಶ್ನೆ ಬದಲಾಗಿಲ್ಲ, ಉತ್ತರ ಮಾತ್ರ ಪ್ರತಿ ಸಲವೂ ಬೇರೆ. ಬಂದ ಉತ್ತರಗಳನ್ನು ಇನ್ನೊಂದು ಕಾಲಂನಲ್ಲಿ ಬರೆದುಕೊಳ್ಳುತ್ತ ಹೋಗಿ, ನೂರಿನ್ನೂರು ಸೇರಿದ ಮೇಲೆ ಅವುಗಳ ಸ್ತಂಭಚಿತ್ರ ಎಳೆದರೆ 40ರ ಸುತ್ತ ಗುಡ್ಡದಂತಹ ಆಕಾರವೊಂದು ಮೂಡುತ್ತದೆ. ಆ ಗುಡ್ಡದ ಹರವನ್ನು ಅಳೆಯುವ ಅಂಕಿಯೇ ಸ್ಟ್ಯಾಂಡರ್ಡ್ ಎರರ್. ಸೂತ್ರದಿಂದ ಲೆಕ್ಕ ಹಾಕುವುದಾದರೆ 0.4ನ್ನು 0.6ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು, 0.049, ಅಂದರೆ ಸುಮಾರು 4.9 ಶೇಕಡಾ ಅಂಶಗಳು ಬರುತ್ತವೆ. ನಿಮ್ಮ ಉತ್ತರಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು 40ರಿಂದ ಇದರ ಎರಡು ಪಟ್ಟು ದೂರದೊಳಗೆ, ಅಂದರೆ 30 ಮತ್ತು 50ರ ನಡುವೆ ಇರುವುದನ್ನು ನೀವೇ ಎಣಿಸಿ ನೋಡಬಹುದು.

ಈಗ 100ರ ಜಾಗದಲ್ಲಿ 400 ಕೋಶಗಳನ್ನು ಹಾಕಿ. ಸ್ಟ್ಯಾಂಡರ್ಡ್ ಎರರ್ ಕಾಲು ಭಾಗಕ್ಕೆ ಇಳಿಯುವುದಿಲ್ಲ, ಅರ್ಧಕ್ಕೆ ಮಾತ್ರ, ಅಂದರೆ 2.45ಕ್ಕೆ ಇಳಿಯುತ್ತದೆ. ಸ್ಯಾಂಪಲ್ ನಾಲ್ಕು ಪಟ್ಟಾದರೆ ನಿಖರತೆ ಎರಡು ಪಟ್ಟು; ಈ ವರ್ಗಮೂಲದ ನಿಯಮ ಸಮೀಕ್ಷೆಗಳ ಅರ್ಥಶಾಸ್ತ್ರವನ್ನೇ ನಿರ್ಧರಿಸುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ: ಈ ಲೆಕ್ಕದಲ್ಲಿ ತಾಲ್ಲೂಕಿನ ಒಟ್ಟು ಜನಸಂಖ್ಯೆ ಎಲ್ಲಿಯೂ ಬರಲಿಲ್ಲ. ಸ್ಯಾಂಪಲ್ ಒಟ್ಟು ಜನಸಂಖ್ಯೆಯ ಸಣ್ಣ ಭಾಗವಾಗಿರುವವರೆಗೆ, ಒಂದು ಲಕ್ಷ ಜನರ ತಾಲ್ಲೂಕಿಗೂ 2011ರ ಜನಗಣತಿಯಂತೆ 6.1 ಕೋಟಿ ಜನರಿದ್ದ ಇಡೀ ಕರ್ನಾಟಕಕ್ಕೂ 400 ಜನರ ಸ್ಯಾಂಪಲ್ ಕೊಡುವ ನಿಖರತೆ ಹೆಚ್ಚುಕಡಿಮೆ ಒಂದೇ. ಜನಸಂಖ್ಯೆಯ ಶೇಕಡಾ ಹತ್ತರಷ್ಟು ಸ್ಯಾಂಪಲ್ ಇರಲೇಬೇಕೆಂಬ ಮಾತನ್ನು ಸೆಮಿನಾರುಗಳಲ್ಲಿ ಇಂದಿಗೂ ಕೇಳುತ್ತೇವೆ, ಅದಕ್ಕೆ ಆಧಾರವಿಲ್ಲ.

ಇದೇ ಏರುಪೇರನ್ನು ಸೂತ್ರವಿಲ್ಲದೆ, ಕ್ಷೇತ್ರದಲ್ಲಿಯೇ ಅಳೆಯುವ ದಾರಿಯೊಂದು ನಮ್ಮ ದೇಶದಲ್ಲಿಯೇ ಹುಟ್ಟಿತು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ.ಸಿ. ಮಹಲನೋಬಿಸ್, ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಒಂದು ಸ್ಯಾಂಪಲ್ಲನ್ನು ಎರಡು ಅಥವಾ ಹೆಚ್ಚು ಉಪ-ಸ್ಯಾಂಪಲ್ಲುಗಳಾಗಿ ಒಡೆದು, ಒಂದೊಂದನ್ನೂ ಪ್ರತ್ಯೇಕ ತಂಡದಿಂದ ಮಾಡಿಸಿ, ಬಂದ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕ್ರಮವನ್ನು ತಂದರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಸ್ಯಾಂಪಲ್ ಸಮೀಕ್ಷೆಗೂ ಅದು ಬಂತು. ಎರಡು ತಂಡಗಳ ಉತ್ತರ ಬಹಳ ದೂರ ದೂರವಿದ್ದರೆ ಸ್ಯಾಂಪಲ್ಲಿನ ಏರುಪೇರಿನ ಜೊತೆಗೆ ಗಣತಿದಾರರ ಕೈವಾಡವನ್ನೂ ಅನುಮಾನಿಸಬೇಕಾಗುತ್ತದೆ. ನೀವು ಇಬ್ಬರು ಸಹಾಯಕರನ್ನು ಇಟ್ಟುಕೊಳ್ಳುವುದಾದರೆ ಒಂದು ಊರನ್ನು ಒಬ್ಬರಿಗೆ, ಇನ್ನೊಂದು ಊರನ್ನು ಮತ್ತೊಬ್ಬರಿಗೆ ಕೊಡಬೇಡಿ. ಪ್ರತಿ ಊರಿನ ಮನೆಗಳನ್ನೂ ಚೀಟಿ ಎತ್ತಿ ಇಬ್ಬರಿಗೂ ಹಂಚಿ. ಮೊದಲ ವಾರದ ಕೊನೆಗೇ ಇಬ್ಬರ ಅಂಕಿಗಳನ್ನು ಹೋಲಿಸಿದರೆ ಸಮಸ್ಯೆಯಿದ್ದಲ್ಲಿ ಕಣ್ಣಿಗೆ ಬೀಳುತ್ತದೆ.

ಇನ್ನು 384ರ ವಿಚಾರ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬ ಇಬ್ಬರು ಪ್ರಕಟಿಸಿದ ಕೋಷ್ಟಕದಲ್ಲಿ ಒಂದು ಲಕ್ಷ ಜನಸಂಖ್ಯೆಯ ಎದುರು ಈ ಅಂಕಿ ಇದೆ, ಮತ್ತು ನಮ್ಮ ಪ್ರಬಂಧಗಳ ಮೂರನೆಯ ಅಧ್ಯಾಯಗಳಲ್ಲಿ ಅದು ಅಲ್ಲಿಂದಲೇ ಇಳಿದು ಬರುತ್ತದೆ. ಅದರ ಹಿಂದಿನ ಲೆಕ್ಕ ನಿಮಗೆ ಈಗ ಅರ್ಥವಾಗುವಂಥದ್ದೇ: ಮೇಲೆ 'ಎರಡು ಪಟ್ಟು' ಎಂದದ್ದರ ನಿಖರ ಅಂಕಿ 1.96; ಅದರ ವರ್ಗ 3.84, ಅದನ್ನು 0.25ರಿಂದ (0.5 ಗುಣಿಸು 0.5) ಗುಣಿಸಿ 0.05ರ ವರ್ಗದಿಂದ ಭಾಗಿಸಿದರೆ 384. ಅಂದರೆ ಇಡೀ ಸ್ಯಾಂಪಲ್ಲಿನ ಮೇಲೆ ಒಂದೇ ಒಂದು ಶೇಕಡಾ ಪ್ರಮಾಣವನ್ನು, ಅದು 50ರ ಆಸುಪಾಸಿನಲ್ಲಿದೆ ಎಂದುಕೊಂಡು, 5 ಅಂಶಗಳ ಹಿಂದೆಮುಂದೆ ಅಂದಾಜು ಮಾಡಲು ಬೇಕಾದ ಸಂಖ್ಯೆ ಅದು. ಅದೂ ಪ್ರತಿಯೊಬ್ಬರ ಹೆಸರೂ ಇರುವ ಪಟ್ಟಿಯಿಂದ ನೇರವಾಗಿ ಲಾಟರಿಯಂತೆ ಆರಿಸಿದ್ದರೆ ಮಾತ್ರ. ನಿಮ್ಮ ಪ್ರಶ್ನೆ ಒಂದು ಶೇಕಡಾ ಪ್ರಮಾಣದ್ದಲ್ಲ, ಸದಸ್ಯರು ಮತ್ತು ಸದಸ್ಯರಲ್ಲದವರ ನಡುವಿನ ಅಂತರದ್ದು. 384ನ್ನು 192ರ ಎರಡು ಗುಂಪುಗಳಾಗಿ ಒಡೆದರೆ ಅಂತರದ ಅಂದಾಜು 5 ಅಂಶಗಳಲ್ಲ, 10 ಅಂಶಗಳಷ್ಟು ಹಿಂದೆಮುಂದೆ ಆಗಬಹುದು. ಸಂಘದಿಂದ ಆಗುವ ಪರಿಣಾಮ 7 ಅಂಶಗಳಷ್ಟೇ ಇದ್ದರೆ ಈ ಸ್ಯಾಂಪಲ್ಲಿನಲ್ಲಿ ಅದು ಕಾಣದೇ ಹೋಗುವ ಸಂಭವವೇ ಹೆಚ್ಚು. ಆದುದರಿಂದ ಎಷ್ಟು ಜನ ಎಂದು ಕೇಳುವ ಮೊದಲು, ಎಷ್ಟು ಅಂತರ ಕಂಡರೆ ನನಗೆ ಅದು ಮುಖ್ಯ ಎಂದು ಕೇಳಿಕೊಳ್ಳಬೇಕು.

ಇದಕ್ಕಿಂತ ಹೆಚ್ಚಾಗಿ ಕಡೆಗಣಿಸಲ್ಪಡುವುದು ಊರುಗಳ ಗುಚ್ಛ. ನೀವು ಹತ್ತು ಊರುಗಳನ್ನು ಆರಿಸಿ, ಊರಿಗೆ ಇಪ್ಪತ್ತರಂತೆ 200 ಮಹಿಳೆಯರನ್ನು ಮಾತನಾಡಿಸುತ್ತೀರಿ ಎಂದುಕೊಳ್ಳೋಣ. ಒಂದು ಊರಿನ ಇಪ್ಪತ್ತು ಜನ ಒಬ್ಬರಿಂದೊಬ್ಬರು ಪೂರ್ತಿ ಸ್ವತಂತ್ರರಲ್ಲ: ಅವರಿಗೆ ಒಬ್ಬರೇ ಪಿಡಿಒ, ಒಂದೇ ಡಂಗುರ, ಒಂದೇ ರಾಜಕೀಯ. ಹಾಗಾಗಿ ಆ ಊರಿನ ಇಪ್ಪತ್ತನೆಯ ಮಹಿಳೆ ಕೊಡುವ ಹೊಸ ಮಾಹಿತಿ ಮೊದಲನೆಯವರು ಕೊಟ್ಟಿದ್ದಕ್ಕಿಂತ ಕಡಿಮೆ. ಒಂದೇ ಊರಿನವರ ನಡುವಿನ ಹೋಲಿಕೆಯನ್ನು ಅಳೆಯುವ ಗುಣಾಂಕ 0.05ರಷ್ಟು ಸಣ್ಣದಿದ್ದರೂ, 19ನ್ನು (ಊರಿನ 20 ಜನರಲ್ಲಿ ಒಬ್ಬರನ್ನು ಕಳೆದು) ಅದರಿಂದ ಗುಣಿಸಿ 1 ಕೂಡಿಸಿದಾಗ 1.95 ಬರುತ್ತದೆ, ಇದನ್ನು ಡಿಸೈನ್ ಎಫೆಕ್ಟ್ ಎನ್ನುತ್ತಾರೆ. 200ನ್ನು ಅದರಿಂದ ಭಾಗಿಸಿದರೆ, ನೇರ ಲಾಟರಿಯಲ್ಲಿ ಆರಿಸಿದ 103 ಜನರಿಂದ ಸಿಗುವಷ್ಟೇ ಮಾಹಿತಿ ನಿಮ್ಮ 200 ಜನರಿಂದ ಸಿಕ್ಕಿದಂತಾಯಿತು. ಇದಕ್ಕೆ ಪರಿಹಾರ ಸರಳ, ಖರ್ಚು ಮಾತ್ರ ಹೆಚ್ಚು: ಹತ್ತು ಊರುಗಳ ಬದಲು ಇಪ್ಪತ್ತು, ಊರಿಗೆ ಹತ್ತೇ ಜನ. ಬಸ್ಸಿನ ಖರ್ಚಿನ ಕಾರಣಕ್ಕೆ ಅದು ಆಗದಿದ್ದರೆ ವಿಶ್ಲೇಷಣೆಯಲ್ಲಾದರೂ ಊರಿನ ಗುರುತನ್ನು ಉಳಿಸಿಕೊಂಡು, ಸ್ಟ್ಯಾಂಡರ್ಡ್ ಎರರನ್ನು ಗುಚ್ಛಗಳಿಗೆ ತಕ್ಕಂತೆ ಲೆಕ್ಕ ಹಾಕಬೇಕು.

ಸ್ಯಾಂಪಲ್ ದೊಡ್ಡದಾದ ಮಾತ್ರಕ್ಕೆ ಪಕ್ಷಪಾತ ಹೋಗುವುದಿಲ್ಲ ಎಂಬುದಕ್ಕೆ ಹಳೆಯ ಸಾಕ್ಷಿ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾಗದ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ ಸುಮಾರು ಶೇಕಡಾ 61 ಮತಗಳಿಂದ. ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಹೆಸರು ತೆಗೆದದ್ದು, ಮತ್ತು ಉತ್ತರ ಬರೆದು ಕಳಿಸಿದವರು ಕಳಿಸದವರಂತೆ ಇಲ್ಲದಿದ್ದುದು ಆ ಪ್ರಮಾದಕ್ಕೆ ಕಾರಣ. ಸಂಘದ ಮೇಲ್ವಿಚಾರಕರು ಕೊಟ್ಟ ಸದಸ್ಯರ ಪಟ್ಟಿಯಿಂದ ಮಾತ್ರ ನೀವು ಹೆಸರು ಆರಿಸಿದರೆ, ಸಂಘ ಬಿಟ್ಟುಹೋದವರು ಮತ್ತು ಸಭೆಗೆ ಬಾರದವರು ಮೊದಲೇ ಹೊರಗುಳಿಯುತ್ತಾರೆ. ಮತದಾರರ ಪಟ್ಟಿಯಿಂದ ಆರಿಸುವುದು ಇದಕ್ಕಿಂತ ಮೇಲು.

ಸೂತ್ರಗಳಿಗೆ ಹೋಗುವ ಮುನ್ನ ಅಳತೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ನಿಮ್ಮ ವಿಷಯದಲ್ಲಿ ಅಪಾಯ ಇರುವುದು ಇಲ್ಲಿಯೇ. 'ನೀವು ಸಂಘದಲ್ಲಿದ್ದೀರಾ?' ಎಂದು ಊರಿನಲ್ಲಿ ಕೇಳಿದರೆ ಸ್ತ್ರೀಶಕ್ತಿ ಗುಂಪಿನವರು, ಸಂಜೀವಿನಿ ಒಕ್ಕೂಟದವರು, ಧರ್ಮಸ್ಥಳ ಯೋಜನೆಯ ಸಂಘದವರು ಹೌದೆನ್ನುತ್ತಾರೆ. ವಾರದ ಕಂತು ಕಟ್ಟುವ ಮೈಕ್ರೋಫೈನಾನ್ಸ್ ಕಂಪನಿಯ ಸಾಲದ ಗುಂಪಿನಲ್ಲಿರುವವರೂ ಹೌದೆನ್ನುತ್ತಾರೆ. ಕೊನೆಯ ಗುಂಪಿಗೂ ಗ್ರಾಮಸಭೆಗೂ ಯಾವ ಸಂಬಂಧವನ್ನು ನಿರೀಕ್ಷಿಸಬೇಕು? ಇವೆಲ್ಲವನ್ನೂ '1' ಎಂದು ಒಂದೇ ಕೋಡಿಗೆ ಹಾಕಿದರೆ ಮುಂದೆ ಯಾವ ಟೆಸ್ಟೂ ನಿಮ್ಮನ್ನು ಕಾಪಾಡುವುದಿಲ್ಲ. ಹಾಗೆಯೇ 'ಗ್ರಾಮಸಭೆಗೆ ಹೋಗಿದ್ದೀರಾ?' ಎಂಬ ಪ್ರಶ್ನೆಗೆ ವಾರ್ಡ್ ಸಭೆಗೆ ಹೋದವರು, ಪಂಚಾಯಿತಿ ಕಚೇರಿಗೆ ಬೇರೆ ಕೆಲಸಕ್ಕೆ ಹೋದವರು, ಮನೆಗೆ ಬಂದ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರು ಕೂಡ ಹೌದೆನ್ನಬಹುದು. ಎಲ್ಲಿ ನಡೆಯಿತು, ಎಷ್ಟು ಹೊತ್ತು ಕುಳಿತಿದ್ದಿರಿ, ಯಾವ ವಿಷಯ ಚರ್ಚೆಗೆ ಬಂತು, ನೀವು ಮಾತನಾಡಿದಿರಾ ಎಂದು ಪ್ರಶ್ನೆಯನ್ನು ಬಿಡಿಸಿ ಕೇಳಿ, ಹದಿನೈದಿಪ್ಪತ್ತು ಜನರ ಮೇಲೆ ಮೊದಲು ಪ್ರಯೋಗಿಸಿ ನೋಡಿ. ಐದು ಹಂತದ ಲೈಕರ್ಟ್ ಮಾಪಕವನ್ನು ('ಪೂರ್ತಿ ಒಪ್ಪುತ್ತೇನೆ' ಎಂಬಲ್ಲಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬವರೆಗೆ) ಬಳಸುವುದಾದರೆ ಕ್ರೋನ್‌ಬಾಕ್ ಆಲ್ಫಾ (ಪ್ರಶ್ನೆಗಳ ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬುದರ ಅಳತೆ) 0.7 ದಾಟಿತೆಂದು ಸಮಾಧಾನಪಡಬೇಡಿ. ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಕೇಳುವ ಹತ್ತು ಪ್ರಶ್ನೆಗಳಿದ್ದರೂ ಆಲ್ಫಾ ಏರುತ್ತದೆ.

ಈಗ ಟೆಸ್ಟಿಗೆ ಬರೋಣ. ಕೆಳಗಿನ ಅಂಕಿಗಳು ಕಲಿಕೆಗಾಗಿ ಕಟ್ಟಿದವು. 200 ಮಹಿಳೆಯರಲ್ಲಿ 120 ಸದಸ್ಯರು, 80 ಸದಸ್ಯರಲ್ಲದವರು. ಸದಸ್ಯರಲ್ಲಿ 48 ಜನ, ಅಂದರೆ ಶೇಕಡಾ 40, ಗ್ರಾಮಸಭೆಗೆ ಹೋಗಿದ್ದಾರೆ. ಉಳಿದವರಲ್ಲಿ 20 ಜನ, ಅಂದರೆ ಶೇಕಡಾ 25. ಅಂತರ 15 ಅಂಶಗಳು. ಈ ಅಂತರದ ಸ್ಟ್ಯಾಂಡರ್ಡ್ ಎರರ್ ಎರಡೂ ಗುಂಪುಗಳ ಏರುಪೇರಿನಿಂದ ಸೇರಿ ಬರುತ್ತದೆ: 0.4 ಗುಣಿಸು 0.6 ಭಾಗಿಸು 120, 0.25 ಗುಣಿಸು 0.75 ಭಾಗಿಸು 80. ಎರಡನ್ನೂ ಕೂಡಿ ವರ್ಗಮೂಲ ತೆಗೆದರೆ 0.066, ಅಂದರೆ 6.6 ಅಂಶಗಳು. ಅದರ ಸುಮಾರು ಎರಡು ಪಟ್ಟನ್ನು ಹಿಂದೆಮುಂದೆ ಇಟ್ಟರೆ, ನಿಜವಾದ ಅಂತರ 2ರಿಂದ 28 ಅಂಶಗಳ ನಡುವೆ ಎಲ್ಲಿಯೂ ಇರಬಹುದು ಎಂಬ ಶೇಕಡಾ 95ರ ವಿಶ್ವಾಸದ ವ್ಯಾಪ್ತಿ ಸಿಗುತ್ತದೆ. (ಊರಿನ ಗುಚ್ಛವನ್ನು ಇಲ್ಲಿ ಲೆಕ್ಕಕ್ಕೆ ತಂದಿಲ್ಲ, ತಂದರೆ ಇದು ಇನ್ನೂ ಅಗಲವಾಗುವ ಸಾಧ್ಯತೆ ಇದೆ.) ಪ್ರಬಂಧದಲ್ಲಿ ಮೊದಲು ಬರೆಯಬೇಕಾದದ್ದು ಈ ವಾಕ್ಯವನ್ನೇ ಹೊರತು ಪಿ-ವ್ಯಾಲ್ಯೂವನ್ನಲ್ಲ, ಏಕೆಂದರೆ 2 ಎಂದರೆ ಹೆಚ್ಚುಕಡಿಮೆ ಏನೂ ಇಲ್ಲ, 28 ಎಂದರೆ ಬಹಳ ದೊಡ್ಡದು, ಮತ್ತು ನಮ್ಮ ದತ್ತಾಂಶ ಇವೆರಡರ ನಡುವೆ ತೀರ್ಮಾನಿಸಲಾರದು ಎಂಬ ಪ್ರಾಮಾಣಿಕ ಮಾಹಿತಿ ಅದರಲ್ಲಿದೆ.

ಪಿ-ವ್ಯಾಲ್ಯೂ ಅರ್ಥವಾಗಲು ಕಾಗದದ ಚೀಟಿಗಳು ಸಾಕು. 68 ಚೀಟಿಗಳ ಮೇಲೆ 'ಹೋಗಿದ್ದಾರೆ', 132ರ ಮೇಲೆ 'ಹೋಗಿಲ್ಲ' ಎಂದು ಬರೆದು, ಚೆನ್ನಾಗಿ ಕಲೆಸಿ, ಕಣ್ಣುಮುಚ್ಚಿ 120 ಚೀಟಿಗಳನ್ನು ಒಂದು ಕಡೆ, 80ನ್ನು ಇನ್ನೊಂದು ಕಡೆ ಹಾಕಿ. ಈ ಹಂಚಿಕೆಯಲ್ಲಿ ಸದಸ್ಯತ್ವಕ್ಕೂ ಸಭೆಗೆ ಹೋಗುವುದಕ್ಕೂ ಸಂಬಂಧವಿಲ್ಲವೆಂಬುದು ಖಚಿತ, ಆದರೂ ಎರಡು ಕಡೆಯ ಶೇಕಡಾ ಪ್ರಮಾಣ ಒಂದೇ ಇರುವುದಿಲ್ಲ. ಕಲೆಸಿ ಹಂಚುವುದನ್ನು ಸಾವಿರಾರು ಸಲ ಮಾಡಿದರೆ (ಇದನ್ನು ಕಂಪ್ಯೂಟರಿಗೇ ಬಿಡಿ), 15 ಅಂಶ ಅಥವಾ ಅದಕ್ಕೂ ಹೆಚ್ಚಿನ ಅಂತರ, ಯಾವ ದಿಕ್ಕಿನಲ್ಲಾದರೂ, ನೂರಕ್ಕೆ ಸುಮಾರು ಮೂರು ಸಲ ಬರುತ್ತದೆ. ನೂರಕ್ಕೆ ಮೂರು ಎಂಬ ಆ ಪ್ರಮಾಣವೇ, ಅಂದರೆ 0.03, ಪಿ-ವ್ಯಾಲ್ಯೂ. ಸಂಬಂಧವೇ ಇಲ್ಲದ ಲೋಕದಲ್ಲಿ ಇಷ್ಟು ಅಂತರ ಎಷ್ಟು ಅಪರೂಪ ಎಂಬುದನ್ನಷ್ಟೇ ಅದು ಹೇಳುತ್ತದೆ. ನಿಮ್ಮ ಪ್ರಾಕ್ಕಲ್ಪನೆ ಶೇಕಡಾ 97ರಷ್ಟು ಸತ್ಯ ಎಂದು ಹೇಳುವುದಿಲ್ಲ, ಪರಿಣಾಮ ದೊಡ್ಡದೆಂದೂ ಹೇಳುವುದಿಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಈ ತಪ್ಪು ಓದುಗಳ ವಿರುದ್ಧ ಒಂದು ಹೇಳಿಕೆಯನ್ನೇ ಹೊರಡಿಸಬೇಕಾಯಿತು. ಪಿ-ವ್ಯಾಲ್ಯೂ ಇದಕ್ಕಿಂತ ಕಡಿಮೆಯಿದ್ದರೆ 'ಗಣನೀಯ' ಎನ್ನುವ 0.05ರ ಗೆರೆಯೂ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ 1925ರಲ್ಲಿ ಅನುಕೂಲಕ್ಕಾಗಿ ಮುಂದಿಟ್ಟದ್ದೇ ಹೊರತು ಪ್ರಕೃತಿಯ ನಿಯಮವಲ್ಲ.

ಇದೇ ಕೋಷ್ಟಕಕ್ಕೆ ಕೈ-ಸ್ಕ್ವೇರ್ ಹಾಕಿದರೆ 4.81 ಬರುತ್ತದೆ. ಅದರ ವರ್ಗಮೂಲ 2.19. ಈಗ 15 ಅಂಶಗಳ ಅಂತರವನ್ನು, ಎರಡೂ ಗುಂಪುಗಳು ಒಂದೇ ಎಂದು ಭಾವಿಸಿ (ಅಂದರೆ ಎರಡಕ್ಕೂ ಒಟ್ಟು ಪ್ರಮಾಣವಾದ ಶೇಕಡಾ 34ನ್ನೇ ಹಿಡಿದು) ಲೆಕ್ಕ ಹಾಕಿದ ಸ್ಟ್ಯಾಂಡರ್ಡ್ ಎರರ್ 6.84ರಿಂದ ಭಾಗಿಸಿ ನೋಡಿ, ಅದೂ 2.19. ಎರಡು ಸಾಲು ಎರಡು ಕಾಲಂಗಳ ಕೋಷ್ಟಕದಲ್ಲಿ ಕೈ-ಸ್ಕ್ವೇರ್ ಎಂದರೆ ಈ ಭಾಗಲಬ್ಧದ ವರ್ಗ, ಅಷ್ಟೇ. ಇನ್ನು ಸದಸ್ಯತ್ವವನ್ನು 0 ಮತ್ತು 1 ಎಂದು, ಹಾಜರಿಯನ್ನೂ 0 ಮತ್ತು 1 ಎಂದು ಕೋಡ್ ಮಾಡಿ ರಿಗ್ರೆಷನ್ ರೇಖೆ (ಒಂದು ಅಂಕಿ ಬದಲಾದಾಗ ಇನ್ನೊಂದು ಸರಾಸರಿ ಎಷ್ಟು ಬದಲಾಗುತ್ತದೆ ಎಂದು ತೋರಿಸುವ ಸರಳರೇಖೆ) ಎಳೆದರೆ, ರೇಖೆ 0.25ರಲ್ಲಿ ಆರಂಭವಾಗಿ 0.15ರ ಇಳಿಜಾರಿನಲ್ಲಿ ಏರುತ್ತದೆ: ಸದಸ್ಯರಲ್ಲದವರ ಪ್ರಮಾಣ ಮತ್ತು ಅಂತರ, ಅವೇ ಎರಡು ಅಂಕಿಗಳು. ಎರಡು ಗುಂಪುಗಳ ಟಿ-ಟೆಸ್ಟೂ ಅನೋವಾವೂ ಇದೇ ರೀತಿ ರಿಗ್ರೆಷನ್ನಿನೊಳಗೆ ಅಡಗಿವೆ. ಆದ್ದರಿಂದ ನನ್ನ ಸಲಹೆ, ಟೆಸ್ಟುಗಳ ಅಧ್ಯಾಯಗಳಲ್ಲಿ ಹೆಚ್ಚು ದಿನ ಕಳೆಯದೆ ಬೇಗ ರಿಗ್ರೆಷನ್ನಿಗೆ ಹೋಗಿ, ಅಲ್ಲಿ ನಿಧಾನಿಸಿ. ಹಾಜರಿಯಂತಹ ಹೌದು-ಇಲ್ಲ ಫಲಿತಾಂಶಗಳಿಗೆ ಲಾಜಿಸ್ಟಿಕ್ ರಿಗ್ರೆಷನ್ ಬೇಕೆಂದು ಯಾರಾದರೂ ಹೇಳುತ್ತಾರೆ. ಅದು ಎರಡನೆಯ ಸುತ್ತಿಗೆ ಇರಲಿ.

ಅಲ್ಲಿ ನಿಧಾನಿಸಬೇಕಾದ ಕಾರಣ ಇದು. ಅದೇ 200 ಮಹಿಳೆಯರಲ್ಲಿ ಅರ್ಧದಷ್ಟು ಜನ ಪಂಚಾಯಿತಿ ಕಚೇರಿ ಇರುವ ಊರಿನವರು, ಉಳಿದರ್ಧ ದೂರದ ಹಟ್ಟಿ-ತಾಂಡಾಗಳವರು ಎಂದುಕೊಳ್ಳೋಣ. ಕಚೇರಿಯ ಊರಿನಲ್ಲಿ 80 ಸದಸ್ಯರ ಪೈಕಿ 40 ಜನ, ಸದಸ್ಯರಲ್ಲದ 20ರ ಪೈಕಿ 10 ಜನ ಸಭೆಗೆ ಹೋಗಿದ್ದಾರೆ. ಎರಡೂ ಕಡೆ ಶೇಕಡಾ 50. ಹಟ್ಟಿಗಳಲ್ಲಿ 40 ಸದಸ್ಯರ ಪೈಕಿ 8, ಸದಸ್ಯರಲ್ಲದ 60ರ ಪೈಕಿ 10. ಶೇಕಡಾ 20 ಮತ್ತು 16.7. ಕೂಡಿ ನೋಡಿ, 48 ಮತ್ತು 20 ಎಂಬ ಮೊದಲಿನ ಅಂಕಿಗಳೇ ಬರುತ್ತವೆ. 15 ಅಂಶಗಳ ಅಂತರದಲ್ಲಿ ಬಹುಪಾಲು, ಸಂಘಗಳೂ ಸಭೆಯೂ ಒಂದೇ ಊರಿನಲ್ಲಿ ಒಟ್ಟುಗೂಡಿದ್ದರಿಂದ ಬಂದದ್ದು. ರಿಗ್ರೆಷನ್ನಿನಲ್ಲಿ ಊರಿನ ಬಗೆಯನ್ನೂ ಸೇರಿಸಿದರೆ, ಅಂದರೆ ಒಂದೇ ಬಗೆಯ ಊರಿನವರನ್ನು ಪರಸ್ಪರ ಹೋಲಿಸಿದರೆ, ಸದಸ್ಯತ್ವದ ಗುಣಾಂಕ 15ರಿಂದ 2 ಅಂಶಗಳಿಗೆ ಕುಸಿಯುತ್ತದೆ, ಮತ್ತು ಅದರ ವ್ಯಾಪ್ತಿ ಸುಮಾರು ಋಣ 12ರಿಂದ ಧನ 16ರವರೆಗೆ ಹರಡುತ್ತದೆ. ಕೈ-ಸ್ಕ್ವೇರ್ ಮಾತ್ರ ಹಾಕಿದ್ದರೆ 'ಗಣನೀಯ ಸಂಬಂಧ ಕಂಡುಬಂದಿದೆ' ಎಂದು ಬರೆದು ಅಧ್ಯಾಯ ಮುಗಿಯುತ್ತಿತ್ತು.

ಹಾಗೆಂದು ಸಿಕ್ಕ ಚರಗಳನ್ನೆಲ್ಲ (ವಯಸ್ಸು, ಓದಿನಂತಹ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಅಂಶಗಳನ್ನೆಲ್ಲ) ರಿಗ್ರೆಷನ್ನಿಗೆ ತುರುಕುವುದೂ ಸರಿಯಲ್ಲ. ಸಭೆಯ ದಿನಾಂಕ ಮಹಿಳೆಯರಿಗೆ ಗೊತ್ತಾಗುವುದೇ ಸಂಘದ ವಾರದ ಕೂಟದಲ್ಲಿ ಎಂದಾದರೆ, 'ದಿನಾಂಕ ಗೊತ್ತಿತ್ತೇ' ಎಂಬ ಚರವನ್ನು ಸೇರಿಸಿದ ಕೂಡಲೇ ಸಂಘದ ಪರಿಣಾಮ ಯಾವ ದಾರಿಯಲ್ಲಿ ಹರಿಯುತ್ತದೋ ಆ ದಾರಿಯನ್ನೇ ನೀವು ಮುಚ್ಚಿದಂತೆ. ಸದಸ್ಯತ್ವಕ್ಕೂ ಹಾಜರಿಗೂ ಮೊದಲೇ ಇದ್ದು ಎರಡನ್ನೂ ಪ್ರಭಾವಿಸುವಂಥವು, ಅಂದರೆ ಊರಿನ ದೂರ, ವಯಸ್ಸು, ಓದು, ಜಾತಿ, ಜಮೀನು ಒಳಗೆ ಬರಬೇಕು. ಸದಸ್ಯತ್ವದಿಂದಲೇ ಹುಟ್ಟುವಂಥವು ಹೊರಗಿರಬೇಕು. ಯಾವುದು ಯಾವುದರಿಂದ ಹುಟ್ಟುತ್ತದೆ ಎಂಬುದನ್ನು ಯಾವ ಸಾಫ್ಟ್‌ವೇರೂ ಹೇಳಲಾರದು. ಅದನ್ನು ಹೇಳಬಲ್ಲದ್ದು ಊರಿನ ತಿಳಿವಳಿಕೆ, ಮತ್ತು ಆ ವಿಷಯದಲ್ಲಿ ಗಣಿತದ ಪದವೀಧರರಿಗಿಂತ ನೀವು ಮುಂದಿದ್ದೀರಿ. ಸಭೆಗೆ ಹೋಗುವ ಸ್ವಭಾವದವರೇ ಸಂಘಕ್ಕೂ ಸೇರುತ್ತಾರೆ ಎಂಬ ಸಂಶಯವನ್ನು ಮಾತ್ರ ಒಮ್ಮೆ ಮಾಡಿದ ಸಮೀಕ್ಷೆಯಿಂದ ಪೂರ್ತಿ ಕಳೆಯಲು ಬರುವುದಿಲ್ಲ. ಆದುದರಿಂದ ತೀರ್ಮಾನದಲ್ಲಿ 'ಹೆಚ್ಚಿಸುತ್ತದೆ' ಎಂಬ ಕ್ರಿಯಾಪದವನ್ನು ಬಳಸುವ ಮುನ್ನ ಎರಡು ಸಲ ಯೋಚಿಸಿ.

ಪಂಚಾಯಿತಿವಾರು ಅಥವಾ ತಾಲ್ಲೂಕುವಾರು ಅಂಕಿಗಳಿಂದ ವ್ಯಕ್ತಿಗಳ ಬಗ್ಗೆ ತೀರ್ಮಾನಿಸುವ ಆಸೆಯೂ ಬರುತ್ತದೆ, ಏಕೆಂದರೆ ಆ ಅಂಕಿಗಳು ಸುಲಭವಾಗಿ ಸಿಗುತ್ತವೆ. ಆದರೆ ಅದು ದಾರಿ ತಪ್ಪಿಸಬಹುದು. ಸಮಾಜಶಾಸ್ತ್ರಜ್ಞ ಡಬ್ಲ್ಯು.ಎಸ್. ರಾಬಿನ್ಸನ್ 1950ರಲ್ಲಿ, 1930ರ ಅಮೆರಿಕದ ಜನಗಣತಿಯನ್ನು ಹಿಡಿದು, ರಾಜ್ಯವಾರು ನೋಡಿದಾಗ ವಿದೇಶದಲ್ಲಿ ಹುಟ್ಟಿದವರು ಹೆಚ್ಚಿರುವಲ್ಲಿ ಅನಕ್ಷರತೆ ಕಡಿಮೆಯಿದೆ, ಆದರೆ ವ್ಯಕ್ತಿಗಳ ಮಟ್ಟದಲ್ಲಿ ಅವರಲ್ಲೇ ಅನಕ್ಷರತೆ ಹೆಚ್ಚು ಎಂದು ತೋರಿಸಿದರು. ಸಹಸಂಬಂಧ ರಾಜ್ಯಗಳ ಮಟ್ಟದಲ್ಲಿ ಋಣ 0.53, ವ್ಯಕ್ತಿಗಳ ಮಟ್ಟದಲ್ಲಿ ಧನ 0.12.

ಸಾಫ್ಟ್‌ವೇರ್ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ವಿಭಾಗದಲ್ಲಿ ಪರವಾನಗಿ ಇದ್ದರೆ ಎಸ್‌ಪಿಎಸ್‌ಎಸ್ ಬಳಸಿ, ಆದರೆ ಮೆನು ಒತ್ತಿದ್ದನ್ನೆಲ್ಲ ಆಜ್ಞೆಗಳನ್ನು ಬರೆದಿಡುವ ಸಿಂಟ್ಯಾಕ್ಸ್ ಫೈಲಿಗೆ ಅಂಟಿಸಿ ಉಳಿಸಿಕೊಳ್ಳಿ. ಇಲ್ಲವಾದರೆ ಆರು ತಿಂಗಳ ನಂತರ ಅದೇ ಕೋಷ್ಟಕ ಮತ್ತೆ ಬರುವುದಿಲ್ಲ. ಪರವಾನಗಿ ಇಲ್ಲದಿದ್ದರೆ ಕಳ್ಳ ಪ್ರತಿಯ ಹಿಂದೆ ಹೋಗುವ ಅಗತ್ಯವಿಲ್ಲ: ಜಮೋವಿ ಎಂಬ ಸಾಫ್ಟ್‌ವೇರ್ ಉಚಿತ, ಮೆನುಗಳಿಂದಲೇ ನಡೆಯುತ್ತದೆ, ಅದರ ಹಿಂದೆ ಓಡುವುದು ಆರ್. ಅಲ್ಲಿಂದ ಆರ್‌ಗೆ ದಾಟುವುದು ಅಷ್ಟು ಕಷ್ಟವಲ್ಲ, ಮತ್ತು ಗುಚ್ಛ, ತೂಕಗಳಿರುವ (ಒಬ್ಬೊಬ್ಬರ ಉತ್ತರ ಎಷ್ಟು ಜನರನ್ನು ಪ್ರತಿನಿಧಿಸುತ್ತದೆ ಎಂಬ ಅಂಕಿಯೇ ತೂಕ) ಸಮೀಕ್ಷೆಗಳಿಗೆ ಆರ್‌ನ 'ಸರ್ವೆ' ಪ್ಯಾಕೇಜ್ ಚೆನ್ನಾಗಿ ಒದಗುತ್ತದೆ. ನಿಮ್ಮ ಕ್ಷೇತ್ರಕಾರ್ಯ ಮುಗಿಯುವವರೆಗೆ ಕಾಯದೆ, ಕೇಂದ್ರ ಸಾಂಖ್ಯಿಕ ಸಚಿವಾಲಯ ಉಚಿತವಾಗಿ ಕೊಡುವ ಕಾರ್ಮಿಕ ಬಲ ಸಮೀಕ್ಷೆಯ ಕುಟುಂಬ ಮಟ್ಟದ ದತ್ತಾಂಶದಿಂದ ಕರ್ನಾಟಕದ ಭಾಗವನ್ನು ತೆಗೆದು ಅಭ್ಯಾಸ ಮಾಡಿ. ಪ್ರಕಟಿತ ವರದಿಯ ಒಂದು ಅಂಕಿಯನ್ನು, ಉದಾಹರಣೆಗೆ ಗ್ರಾಮೀಣ ಮಹಿಳೆಯರ ದುಡಿಮೆಯ ಪ್ರಮಾಣವನ್ನು, ತೂಕಗಳನ್ನು ಸರಿಯಾಗಿ ಹಾಕಿ ನೀವೇ ಮತ್ತೆ ಹೊರತರುವುದು ಒಳ್ಳೆಯ ಪರೀಕ್ಷೆ. ಉತ್ತರ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಓದಲು ಒಂದೇ ಪುಸ್ತಕ ಹೇಳಿ ಎಂದರೆ, ಫ್ರೀಡ್‌ಮನ್, ಪಿಸಾನಿ ಮತ್ತು ಪರ್ವ್ಸ್ ಅವರ 'ಸ್ಟ್ಯಾಟಿಸ್ಟಿಕ್ಸ್' (ಮೊದಲ ಮುದ್ರಣ 1978) ಎನ್ನುತ್ತೇನೆ. ಇಂಗ್ಲಿಷ್ ಸರಳವಾಗಿದೆ, ಬೀಜಗಣಿತ ಬಹಳ ಕಡಿಮೆ, ಲೆಕ್ಕಗಳು ಬೇಕಾದಷ್ಟಿವೆ. ಆ ಲೆಕ್ಕಗಳನ್ನು ಬಿಡಿಸದೆ ಓದಿದರೆ ಕಾದಂಬರಿ ಓದಿದಂತಾಗುತ್ತದೆ. ಯುಜಿಸಿಯ 2022ರ ನಿಯಮಗಳಂತೆ ಕೋರ್ಸ್ ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್‌ಗಳಿವೆ, ಅದರಲ್ಲಿ ಸಂಖ್ಯಾಶಾಸ್ತ್ರಕ್ಕೆ ಸಿಗುವ ಪಾಲು ಸಾಮಾನ್ಯವಾಗಿ ಸಣ್ಣದು. ಹಾಗಾಗಿ ಒಂದು ಸೆಮಿಸ್ಟರಿನಲ್ಲಿ ಎಲ್ಲವನ್ನೂ ಮುಗಿಸುವ ಆತುರ ಬೇಡ. ಸ್ಟ್ಯಾಂಡರ್ಡ್ ಎರರ್‌ಗೆ ಎರಡು ತಿಂಗಳು ಹೋದರೂ ಅದು ವ್ಯರ್ಥವಲ್ಲ.

ಹಣ ಕೊಟ್ಟು ವಿಶ್ಲೇಷಣೆ ಮಾಡಿಸುವ ಬಗ್ಗೆ ಕೇಳಿದ್ದೀರಿ. ಡೇಟಾ ಎಂಟ್ರಿಗೆ, ಕೋಷ್ಟಕಗಳ ಅಂದಕ್ಕೆ, ಅರ್ಥವಾಗದ ಒಂದು ಕಮಾಂಡಿಗೆ ಸಹಾಯ ಪಡೆದು ಪ್ರಬಂಧದ ಕೃತಜ್ಞತೆಯಲ್ಲಿ ನೆನೆಯುವುದರಲ್ಲಿ ತಪ್ಪಿಲ್ಲ. ಆದರೆ ಯಾವ ಚರ ಒಳಗೆ, ಯಾವುದು ಹೊರಗೆ ಎಂಬ ತೀರ್ಮಾನವನ್ನು ನಿಮ್ಮ ಊರುಗಳನ್ನು ಕಾಣದವರ ಕೈಗೆ ಕೊಟ್ಟರೆ, ಕಚೇರಿಯ ಊರು ಮತ್ತು ಹಟ್ಟಿಗಳ ವ್ಯತ್ಯಾಸ ಅವರಿಗೆ ಹೊಳೆಯುವುದೇ ಇಲ್ಲ. ವೈವಾದಲ್ಲಿ ಪರೀಕ್ಷಕರು 'ಗುಣಾಂಕ ಏಕೆ ಕುಸಿಯಿತು' ಎಂದು ಕೇಳಿದಾಗ ಉತ್ತರಿಸಬೇಕಾದವರು ನೀವು. ಸಹಾಯ ಪಡೆಯಲೇಬೇಕಾದರೆ ಕೆಲಸ ಕೊಡುವ ಮೊದಲೇ ಸಿಂಟ್ಯಾಕ್ಸ್ ಅಥವಾ ಸ್ಕ್ರಿಪ್ಟ್ ಫೈಲು, ಬಿಟ್ಟುಹೋದ ಉತ್ತರಗಳನ್ನು ಏನು ಮಾಡಿದರು ಎಂಬ ಟಿಪ್ಪಣಿ, ಮತ್ತು ಮೂಲ ದತ್ತಾಂಶದಿಂದ ನಿಮ್ಮ ಎದುರಿಗೇ ಒಂದು ಕೋಷ್ಟಕವನ್ನು ಮತ್ತೆ ತೆಗೆದು ತೋರಿಸುವುದು, ಈ ಮೂರನ್ನೂ ಷರತ್ತಾಗಿ ಹೇಳಿ. ಒಪ್ಪದವರಿಗೆ ಫೈಲು ಕೊಡಬೇಡಿ. ಒಪ್ಪಿದವರಿಗೆ ಕೊಡುವಾಗಲೂ ಮಹಿಳೆಯರ ಹೆಸರು, ಮೊಬೈಲ್ ಸಂಖ್ಯೆ, ಆಧಾರ್ ವಿವರ ಇರುವ ಕಾಲಂಗಳನ್ನು ತೆಗೆದುಹಾಕಿ, ಪ್ರತಿಯೊಬ್ಬರಿಗೂ ಒಂದೊಂದು ಕ್ರಮಸಂಖ್ಯೆಯನ್ನು ಮಾತ್ರ ಉಳಿಸಿ ಕೊಡಿ.